ಮೋಂ ಬ್ಲಾಂ ಪ್ರದಕ್ಷಿಣೆ: ಹಗಲಿಗಿಂತ ಮೊದಲು ರಾತ್ರಿಯ ಲೆಕ್ಕ

ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶಗಳ ನೆಲವನ್ನು ತುಳಿಯುತ್ತ ಮೋಂ ಬ್ಲಾಂ ಪರ್ವತಸ್ತೋಮವನ್ನು ಸುತ್ತಿಬರುವ ಕಾಲುದಾರಿಯ ಉದ್ದ ಸುಮಾರು 170 ಕಿ.ಮೀ.; ಹತ್ತಬೇಕಾದ ಏರುಗಳನ್ನೆಲ್ಲ ಕೂಡಿದರೆ ಸುಮಾರು 10,000 ಮೀಟರ್. ಜಿನೀವಾದ ವಿಜ್ಞಾನಿ ಸೊಸ್ಯೂರ್ 1767ರಲ್ಲಿ ಈ ಸುತ್ತನ್ನು ಪೂರೈಸಿದಾಗ ಶಿಖರವನ್ನು ಇನ್ನೂ ಯಾರೂ ಏರಿರಲಿಲ್ಲ, ಅದು ಸಾಧ್ಯವಾದದ್ದು 1786ರಲ್ಲಿ. ಆದ್ದರಿಂದ ಪ್ರದಕ್ಷಿಣೆಯನ್ನು ಆರೋಹಣಕ್ಕಿಂತ ಕಿರಿದೆಂದು ಎಣಿಸುವುದು ಸಲ್ಲದು.

ಒಟ್ಟು ದೂರವನ್ನು ಹತ್ತು ಹನ್ನೊಂದು ದಿನಗಳಿಗೆ ಸಮನಾಗಿ ಹಂಚುವುದು ವಾಡಿಕೆಯಾದರೂ ಅದು ತಪ್ಪು ಕ್ರಮ. ಈ ದಾರಿಯನ್ನು ಆಳುವುದು ದೂರವಲ್ಲ, ‘ಕೋಲ್’, ಅಂದರೆ ಬೆಟ್ಟಸಾಲಿನ ತಗ್ಗಿನಲ್ಲಿ ಆಚೆಯ ಕಣಿವೆಗೆ ದಾಟುವ ಜಾಗ. ಬೇಸಿಗೆಯ ಬಿಸಿಲಿಗೆ ಇಳಿಜಾರುಗಳು ಕಾದು, ಬಿಸಿಗಾಳಿ ಮೇಲೇರಿ ಮೋಡಗಟ್ಟಿ, ಮಧ್ಯಾಹ್ನದ ನಂತರ ಸಿಡಿಲುಮಳೆ ಬರುವುದು ಇಲ್ಲಿ ಸಾಮಾನ್ಯವಾದ್ದರಿಂದ, ಮರೆಯೇ ಇಲ್ಲದ ಆ ಎತ್ತರವನ್ನು ಬೆಳಗಿನ ಹೊತ್ತಿನಲ್ಲೇ ದಾಟಬೇಕು. ಉದಾಹರಣೆಗೆ, ಫ್ರಾನ್ಸ್‌ನಿಂದ ಇಟಲಿಗೆ ದಾಟಿಸುವ ಕೋಲ್ ದ ಲಾ ಸೇನ್ಯ್ 2,516 ಮೀಟರ್ ಎತ್ತರದಲ್ಲಿದೆ. ಹಿಂದಿನ ರಾತ್ರಿ ಶಾಪಿಯೂ ಹಳ್ಳಿಯಲ್ಲಿ ತಂಗಿದವರು ಬೆಳಗ್ಗೆ ಸುಮಾರು 960 ಮೀಟರ್ ಏರಬೇಕಾದರೆ, ಬುಡದ ಮೊತ್ತೆ ತಂಗುಮನೆಯಲ್ಲಿ ಉಳಿದವರಿಗೆ ಅದು ಸುಮಾರು 650 ಮೀಟರ್ ಮಾತ್ರ; ಗಂಟೆಗೆ 300 ಮೀಟರ್ ಏರುವ ನಡಿಗೆಯಲ್ಲಿ ಇದು ಒಂದು ಗಂಟೆಯ ಲಾಭ.

ರೆಫ್ಯೂಜ್ ಎನ್ನುವ ಈ ತಂಗುಮನೆಗಳಲ್ಲಿ ಸಾಲುಹಾಸಿಗೆಯೊಂದಿಗೆ ರಾತ್ರಿಯೂಟ, ಬೆಳಗಿನ ತಿಂಡಿ ಸೇರಿದ ‘ದೆಮಿ-ಪಾಂಸಿಯೋಂ’ ವ್ಯವಸ್ಥೆಯಿದೆ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಬೇಕು, ಹೊದಿಕೆಯೊಳಗೆ ಮಲಗಲು ಬಟ್ಟೆಯ ಚೀಲವನ್ನೂ ಒಯ್ಯಬೇಕು. ಇಟಲಿಯ ಎಲಿಸಬೆತ್ತಾ, ಬೊನಾತ್ತಿಯಂತಹ ಎತ್ತರದ ಮನೆಗಳಲ್ಲಿ ಹಾಸಿಗೆಗಳು ಬೇಗನೆ ಮುಗಿಯುವುದರಿಂದ, ಮೊದಲು ಅವನ್ನು ಗೊತ್ತುಮಾಡಿಕೊಂಡು ಉಳಿದ ರಾತ್ರಿಗಳನ್ನು ಅವುಗಳ ಸುತ್ತ ಜೋಡಿಸುವುದೇ ಜಾಣತನ. ಷೆಂಗೆನ್ ವೀಸಾಕ್ಕೆ ತಂಗುವ ಸ್ಥಳಗಳ ಪುರಾವೆ ಬೇಕಾಗುವುದರಿಂದ ಕರ್ನಾಟಕದಿಂದ ಹೊರಡುವವರಿಗಂತೂ ಈ ಕೆಲಸವೇ ಮೊದಲನೆಯದು.

ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ನಡಿಗೆಯ ಕಾಲವೆಂದರೂ, 2,665 ಮೀಟರ್ ಎತ್ತರದ ಕೋಲ್ ದೇ ಫೂರ್‌ನಲ್ಲಿ ಜುಲೈ ಆರಂಭದಲ್ಲೂ ಹಿಮ ಉಳಿದಿರಬಹುದು. ಅಲ್ಲಿ ಬೇರೆ ದಾರಿ ಹಿಡಿಯುವ ಅವಕಾಶವಿರುವಂತೆ ಸ್ವಿಟ್ಜರ್ಲೆಂಡ್‌ನಲ್ಲೂ ಇದೆ: ಶಾಂಪೆಯಿಂದ ತ್ರಿಯಾಂಗೆ ಫೆನೆತ್ರ್ ದಾರ್ಪೆತ್‌ನ ಕಡಿದಾದ ಕಲ್ಲುದಾರಿ ಒಂದಾದರೆ, ಬೋವಿನ್ ಹುಲ್ಲುಗಾವಲಿನ ಹಾದಿ ಇನ್ನೊಂದು. ಎರಡೂ ಅದೇ ಕಣಿವೆಗೆ ಇಳಿಯುವುದರಿಂದ, ಕಾಯ್ದಿರಿಸಿದ ಹಾಸಿಗೆ ಕೈತಪ್ಪದಂತೆ, ಬೆಳಗಿನ ಆಕಾಶವನ್ನು ನೋಡಿ ಆಯ್ದುಕೊಳ್ಳಬಹುದು.