ಮಾಕುಟ್ಟದ ಹಸಿರು, ಪ್ರೀಸೆಟ್ಟಿನ ಬಣ್ಣ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟಕ್ಕೆ, ಅಲ್ಲಿಂದ ಕೇರಳದ ಗಡಿಯ ಕೂಟುಪುಳದ ಸೇತುವೆಗೆ ಇಳಿಯುವ ಘಾಟಿ ರಸ್ತೆಯ ಚಿತ್ರಗಳು ಮುಂಗಾರು ಹಿಡಿಯಿತೆಂದರೆ ಮೊಬೈಲಿನಿಂದ ಮೊಬೈಲಿಗೆ ಓಡಾಡತೊಡಗುತ್ತವೆ. ತಿರುವು ಒಂದೇ, ಮಳೆಯೂ ಒಂದೇ. ಆದರೆ ಒಬ್ಬರ ಚಿತ್ರದಲ್ಲಿ ಕಾಡು ಒಣ ಆಲಿವ್ ಬಣ್ಣಕ್ಕೆ ತಿರುಗಿ ನೆರಳುಗಳೆಲ್ಲ ಬೂದಿಯಾಗಿ ಮಾಸಿವೆ. ಇನ್ನೊಬ್ಬರದರಲ್ಲಿ ನೀಲಿ ಮಿಶ್ರಿತ ಹಸಿರು ಕತ್ತಲು; ನಡುವೆ ಕೆಂಪು ಬಸ್ಸೊಂದೇ ಉರಿಯುತ್ತಿದೆ. ಮೂರನೆಯವರು ಮಂಜಿಗೇ ಜೇನುಬಣ್ಣ ಹಚ್ಚಿದ್ದಾರೆ. ಮೂರನ್ನೂ ಮೂರು ಪ್ರೀಸೆಟ್‌ಗಳು ಮಾಡಿವೆ. ಹೊಸದಾಗಿ ನೋಡುವವರು ‘ಯಾವುದು ಚೆಂದ?’ ಎಂದು ಕೇಳಿ ಬೆರಳು ಸರಿಸಿಬಿಡುತ್ತಾರೆ. ಅದಕ್ಕಿಂತ ಒಳ್ಳೆಯ ಪ್ರಶ್ನೆಯೊಂದಿದೆ: ಈ ಭಾವ ಆ ಬೆಳಕಿನಲ್ಲಿ ಇತ್ತೇ, ಅಥವಾ ಮೇಲಿನಿಂದ ಬಂದು ಕೂತಿತೇ? ಈ ಪ್ರಶ್ನೆಯನ್ನು ಹಿಡಿದು ಚಿತ್ರ ನೋಡುವುದು ಹೇಗೆ ಎನ್ನುವುದಷ್ಟೇ ಇಲ್ಲಿನ ವಿಷಯ.

ಪ್ರೀಸೆಟ್ ಎಂದರೆ ಕೂಡಿಟ್ಟ ಸಂಖ್ಯೆಗಳ ಒಂದು ಕಟ್ಟು. ಎಕ್ಸ್‌ಪೋಶರ್ ಇಷ್ಟು, ಕಾಂಟ್ರಾಸ್ಟ್ ಇಷ್ಟು, ಹಳದಿ ಇಷ್ಟು ಕಡಿಮೆ, ನೆರಳಿಗೆ ಇಷ್ಟು ನೀಲಿ ಎಂದು ಒಬ್ಬರು ಒಂದು ಚಿತ್ರಕ್ಕೆ ಮಾಡಿದ ತಿದ್ದುಪಡಿಗಳನ್ನು ಬರೆದಿಟ್ಟು, ಒಂದೇ ಒತ್ತಿಗೆ ಇನ್ನೊಂದು ಚಿತ್ರಕ್ಕೆ ಹೇರುವ ಏರ್ಪಾಡು. ಆ ಇನ್ನೊಂದು ಚಿತ್ರದಲ್ಲಿ ಏನಿದೆ ಎಂಬುದು ಆ ಕಟ್ಟಿಗೆ ತಿಳಿಯದು. 2007ರಲ್ಲಿ ಫೋಟೋ ತಿದ್ದುವ ತಂತ್ರಾಂಶ, ಅಡೋಬಿಯ ಲೈಟ್‌ರೂಮ್ ಬಂದಾಗ ಇದು ವೃತ್ತಿಪರರ ಮೇಜಿಗೆ ಬಂತು. 2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮ್ ತನ್ನ ಫಿಲ್ಟರುಗಳೊಂದಿಗೆ ಶುರುವಾದ ಮೇಲೆ ಎಲ್ಲರ ಜೇಬಿಗೂ ಇಳಿಯಿತು.

ಇದನ್ನು ಕಂಪ್ಯೂಟರಿನ ಚಮತ್ಕಾರವೆಂದು ಮೂಗು ಮುರಿಯುವ ಹಿರಿಯರಿದ್ದಾರೆ. ಅವರಿಗೊಂದು ಮಾತು ನೆನಪಿಸಬೇಕು. ಫಿಲ್ಮ್ ರೀಲೂ ಆ ಕಾಲದ ಪ್ರೀಸೆಟ್ಟೇ ಆಗಿತ್ತು. 1935ರಲ್ಲಿ ಬಂದ ಕೊಡಾಕ್ರೋಮ್ ಕೆಂಪನ್ನು ಗಾಢವಾಗಿ ಹಿಡಿಯುತ್ತಿತ್ತು. 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾ ಹಸಿರನ್ನು ಇದ್ದುದಕ್ಕಿಂತ ತುಂಬಿ ತೋರಿಸುತ್ತಿತ್ತು. ಕಾಡಿನ ಫೋಟೋಗ್ರಾಫರುಗಳು ಅದನ್ನು ಹುಡುಕಿ ಕೊಂಡದ್ದೂ ಅದಕ್ಕಾಗಿಯೇ. ನಮ್ಮ ಸ್ಟುಡಿಯೋಗಳ ಹಳೆಯ ಕಂದು ಚಿತ್ರಗಳಲ್ಲಿ ಕಾಗದದ ಮೇಲಿನ ಬೆಳ್ಳಿಯನ್ನು ರಾಸಾಯನಿಕದಿಂದ ಬೆಳ್ಳಿ ಸಲ್ಫೈಡ್ ಮಾಡುತ್ತಿದ್ದರು. ಚಿತ್ರ ಹೆಚ್ಚು ಕಾಲ ಬಾಳಲಿ ಎಂಬ ಉದ್ದೇಶವೂ ಅದರಲ್ಲಿತ್ತು. ಇಂದಿನ ‘ವಿಂಟೇಜ್’ ಪ್ರೀಸೆಟ್ ಆ ಕಂದು ಬಣ್ಣವನ್ನು ಮಾತ್ರ ಎತ್ತಿಕೊಂಡಿದೆ.

ಬಣ್ಣಕ್ಕೂ ಭಾವಕ್ಕೂ ನಂಟು ಕಟ್ಟುವುದಂತೂ ಇನ್ನೂ ಹಳೆಯದು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತಮುನಿ ಪ್ರತಿ ರಸಕ್ಕೂ ಒಂದು ಬಣ್ಣ ಹೇಳುತ್ತಾನೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ಈ ಪಟ್ಟಿಯನ್ನು ತಲೆಯಲ್ಲಿಟ್ಟುಕೊಂಡು ಪ್ರೀಸೆಟ್ ಮಾರುವವರ ಪಟ್ಟಿಯನ್ನು ನೋಡಿ. ‘ಮೂಡಿ’, ‘ಮ್ಯಾಟ್’ ಎಂದು ಕರೆಯುವುದು ಹೆಚ್ಚಾಗಿ ಕರುಣದ ಬೂದಿಯೇ. ಮಳೆ ಬಿದ್ದ ಮಾಕುಟ್ಟದ ಕಾಡಿಗೆ ಆ ಬೂದಿಯನ್ನು ಹಚ್ಚಿದಾಗ ನನಗೆ ಸಂಕಟವಾಗುತ್ತದೆ. ಆ ಕಾಡು ನಿಂತಿರುವುದು ಶ್ಯಾಮದಲ್ಲಿ, ಅಂದರೆ ಕಪ್ಪಿಗೆ ತಾಗಿದ ಹಸಿರಿನಲ್ಲಿ. ಅದರ ಸ್ಥಾಯಿಭಾವ ಕರುಣದ ಶೋಕವಲ್ಲ, ಶೃಂಗಾರದ ರತಿ.

ಹಾಗಾದರೆ ಚಿತ್ರವೊಂದು ಎದುರಾದಾಗ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು? ಕಪ್ಪಿಗೆ. ಭಾವವೆಲ್ಲ ಬಣ್ಣದಲ್ಲಿದೆ ಎಂದು ಹೊಸಬರು ತಿಳಿಯುತ್ತಾರೆ. ಅದರ ಅರ್ಧದಷ್ಟು ತೀರ್ಮಾನವಾಗುವುದು ಚಿತ್ರದ ಅತಿ ಕಪ್ಪು ಎಷ್ಟು ಕಪ್ಪಾಗಿದೆ ಎಂಬುದರ ಮೇಲೆ. ಟೋನ್ ಕರ್ವ್ ಎಂಬ ಗೆರೆಯ ಎಡತುದಿಯನ್ನು ಸ್ವಲ್ಪ ಮೇಲೆತ್ತಿದರೆ ಚಿತ್ರದಲ್ಲಿ ನಿಜವಾದ ಕಪ್ಪೇ ಉಳಿಯುವುದಿಲ್ಲ. ಎಲ್ಲಕ್ಕೂ ಒಂದು ಮಬ್ಬು, ಎಂದೋ ನಡೆದದ್ದರ ಹಳಹಳಿಕೆ. ಹಳೆಯ ನೆನಪಿನ ಚಿತ್ರಕ್ಕೆ ಇದು ಹೊಂದುತ್ತದೆ. ಕೊಡವ ಗಂಡಸರ ನಿಲುವಂಗಿ ಕುಪ್ಯದ ಚಿತ್ರಕ್ಕೆ ಹೊಂದುವುದಿಲ್ಲ. ಕಪ್ಪು ಕುಪ್ಯ, ನಡುವಿಗೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ: ಈ ಮೂರರ ನಡುವಿನ ದೂರವೇ ಆ ಉಡುಪಿನ ಗತ್ತು. ಮದುವೆಯ ಆಲ್ಬಮ್ಮುಗಳಲ್ಲಿ ಮ್ಯಾಟ್ ಪ್ರೀಸೆಟ್ ಬಿದ್ದ ಕುಪ್ಯ ಇದ್ದಿಲ ಬೂದಿಯಾಗುತ್ತದೆ, ಚೇಲೆ ಇಟ್ಟಿಗೆ ಬಣ್ಣವಾಗುತ್ತದೆ. ಮದುಮಗನ ಬಿಳಿ ಕುಪ್ಯಕ್ಕೆ ತದ್ವಿರುದ್ಧ ಕಷ್ಟ. ಹೈಲೈಟ್ ಏರಿಸುವ ‘ಲೈಟ್ ಅಂಡ್ ಏರಿ’ ಜಾತಿಯ ಪ್ರೀಸೆಟ್ಟಿನಲ್ಲಿ ಬಟ್ಟೆಯ ನೇಯ್ಗೆ, ಮಡಿಕೆ ಎಲ್ಲ ಅಳಿಸಿ ಹೋಗಿ ಬರಿಯ ಬಿಳಿ ತೂತು ಉಳಿಯುತ್ತದೆ. ಒಂದೇ ಮನೆಯ ಒಂದೇ ಮದುವೆಯಲ್ಲಿ ಈ ಎರಡೂ ಉಡುಪುಗಳಿರುತ್ತವೆ. ಎರಡಕ್ಕೂ ಒಂದೇ ಪ್ರೀಸೆಟ್ ಹಾಕಿ ಕೈತೊಳೆದುಕೊಂಡಿದ್ದಾರೋ, ಒಂದೊಂದು ಚಿತ್ರಕ್ಕೂ ಕೂತು ತಿದ್ದಿದ್ದಾರೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕೊಡವರ ಮನೆತನದ ಮೂಲಮನೆಯಾದ ಐನ್‌ಮನೆಯ ಒಳಗೆ ಹೋದರೆ ಕಪ್ಪಿನ ಪಾಠ ಇನ್ನೂ ಸ್ಪಷ್ಟ. ಅದರ ನಡುಮನೆ, ನೆಲ್ಲಕ್ಕಿ ನಡುಬಾಡೆಯ ತೂಗುದೀಪ ಉರಿಯುತ್ತಿರುವಾಗ ಸುತ್ತಲ ಮರದ ಕಂಬಗಳು ಕತ್ತಲಲ್ಲಿ ಇರಬೇಕಾದವು. ‘ಶ್ಯಾಡೋಸ್’ ಏರಿಸಿ ಮೂಲೆಮೂಲೆಯನ್ನೂ ತೋರಿಸುವ ಪ್ರೀಸೆಟ್ ದೀಪವನ್ನು ಕೆಲಸವಿಲ್ಲದ ವಸ್ತುವಾಗಿಸುತ್ತದೆ. ದೀಪದ ಬೆಳಕಿನ ಬಣ್ಣತಾಪ 2000 ಕೆಲ್ವಿನ್ ಆಸುಪಾಸು, ಹಗಲಿನದು 5500. ಕ್ಯಾಮೆರಾ ತಾನಾಗಿ ಅದನ್ನು ಬಿಳಿಯಾಗಿಸಲು ಹೊರಟರೆ ದೀಪದ ಕೆಂಬಣ್ಣ ಹೊರಟುಹೋಗುತ್ತದೆ. ವೈಟ್ ಬ್ಯಾಲೆನ್ಸನ್ನೂ ತನ್ನೊಳಗೆ ಸೇರಿಸಿಕೊಂಡ ಪ್ರೀಸೆಟ್ ಈ ಕಾರಣಕ್ಕೇ ಅಪಾಯಕಾರಿ. ಅದು ಯಾರದೋ ಸಂಜೆಯ ತಾಪವನ್ನು ನಿಮ್ಮ ಮಧ್ಯಾಹ್ನಕ್ಕೆ ತಂದು ಹಾಕುತ್ತದೆ. ಪ್ರೀಸೆಟ್ ಕೂಡಿಡುವವರು ವೈಟ್ ಬ್ಯಾಲೆನ್ಸಿನ ಆ ಒಂದು ಗುರುತನ್ನು ತೆಗೆದು ಉಳಿದದ್ದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಹಸಿರು. ಮಾಕುಟ್ಟದ ಚಿತ್ರವನ್ನು ಸವಿಯಬೇಕಾದವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ನಿತ್ಯಹರಿದ್ವರ್ಣ ಕಾಡಿನ ನೆಲಕ್ಕೆ ತಲುಪುವ ಬಿಸಿಲು ನೂರರಲ್ಲಿ ಒಂದೆರಡು ಪಾಲು ಮಾತ್ರ. ತಲುಪಿದ್ದೂ ಎಲೆಗಳ ಮೂಲಕ ಸೋಸಿಕೊಂಡು ಬಂದದ್ದು. ಹಾಗಾಗಿ ಅಲ್ಲಿ ನೆರಳಿಗೇ ಹಸಿರು ಬಣ್ಣವಿದೆ. ನಿಂತವರ ಮುಖದ ಮೇಲೂ ಆ ಹಸಿರು ಬೀಳುತ್ತದೆ. ಈಗ ಎಲ್ಲೆಲ್ಲೂ ಕಾಣುವ ನೀಲಿ-ಕಿತ್ತಳೆ ಜೋಡಿಯ ಪ್ರೀಸೆಟ್ ನೆರಳಿಗೆ ನೀಲಿಯನ್ನೂ ಬೆಳಕಿಗೆ ಕಿತ್ತಳೆಯನ್ನೂ ಸುರಿಯುತ್ತದೆ. ಪೆರುಂಬಾಡಿಯ ಕೆರೆಯ ಬದಿಯ ಬಯಲಲ್ಲಿ ಅದು ಅಷ್ಟು ಸುಳ್ಳೆನಿಸದು, ಏಕೆಂದರೆ ಬಯಲಿನ ನೆರಳನ್ನು ಬೆಳಗುವುದು ನೀಲಿ ಆಕಾಶ. ಕೆಳಗಿಳಿದು ಮಾಕುಟ್ಟದ ಮರಗಳಡಿ ಸೇರಿದ ಮೇಲೆ ಆಕಾಶವೇ ಇಲ್ಲ. ಅಲ್ಲಿನ ನೆರಳಿಗೆ ನೀಲಿ ಎಲ್ಲಿಂದ ಬರಬೇಕು? ಹೆಸರಿಡಲಾಗದಿದ್ದರೂ ನೋಡುಗನ ಕಣ್ಣಿಗೆ ಇದು ತಟ್ಟುತ್ತದೆ. ‘ಏನೋ ಸಿನಿಮಾ ಪೋಸ್ಟರಿನಂತಿದೆ’ ಎನಿಸುವುದರ ಕಾರಣ ಇದೇ.

ಹಸಿರಿನ ಒಳಗೇ ಇನ್ನೊಂದು ಸಂಗತಿ ಅಡಗಿದೆ. ಪಶ್ಚಿಮ ಘಟ್ಟದ ಈ ಕಾಡುಗಳ ನಾಗಸಂಪಿಗೆ ಮರದ ಚಿಗುರು ಹುಟ್ಟುವುದೇ ಕೆಂಪಾಗಿ. ದಿನ ಕಳೆದಂತೆ ತಾಮ್ರ, ತೆಳುಹಳದಿ, ಆಮೇಲೆ ಹಸಿರು. ಅಂದರೆ ಒಂದೇ ಚೌಕಟ್ಟಿನಲ್ಲಿ ಎಲೆಯ ವಯಸ್ಸು ಬಣ್ಣವಾಗಿ ಬರೆದಿರುತ್ತದೆ. ಹಳದಿಯನ್ನೂ ಹಸಿರನ್ನೂ ಒಟ್ಟಿಗೆ ಕಂದಿನತ್ತ ತಳ್ಳುವ ‘ಫಾರೆಸ್ಟ್’ ಪ್ರೀಸೆಟ್‌ಗಳು ಉತ್ತರ ದೇಶಗಳ ಪೈನ್ ಕಾಡನ್ನು ಮನಸ್ಸಿನಲ್ಲಿಟ್ಟು ಮಾಡಿದಂಥವು. ಅಲ್ಲಿ ಹಸಿರಿನ ಬಗೆಗಳು ಕಡಿಮೆ. ಎಲ್ಲವನ್ನೂ ಒಂದೇ ಛಾಯೆಗೆ ತಂದರೆ ಕಳೆದುಹೋಗುವುದು ಅಷ್ಟಿಲ್ಲ. ನಮ್ಮಲ್ಲಿ ಅದೇ ಗುಂಡಿ ಒತ್ತಿದರೆ ಎಳೆ ಎಲೆ, ಬಲಿತ ಎಲೆ, ಹಾವಸೆ, ಜರಿಗಿಡ ಎಲ್ಲ ಒಂದೇ ಮುದ್ದೆ. ಒಳ್ಳೆಯ ಸಂಸ್ಕರಣೆ ಎಂದರೆ ಇಲ್ಲಿ ಹಸಿರಿನ ಸ್ಯಾಚುರೇಶನ್ ಏರಿಸುವುದೂ ಅಲ್ಲ, ಇಳಿಸುವುದೂ ಅಲ್ಲ. ಒಂದು ಹಸಿರನ್ನು ಇನ್ನೊಂದರಿಂದ ಬಿಡಿಸಿ ಇಡುವುದು. ಚಿತ್ರದಲ್ಲಿ ಎಷ್ಟು ಹಸಿರುಗಳಿವೆ ಎಂದು ಎಣಿಸಿ ನೋಡಿ. ಎರಡಕ್ಕಿಂತ ಹೆಚ್ಚು ಸಿಗದಿದ್ದರೆ ಪ್ರೀಸೆಟ್ ಗೆದ್ದಿದೆ, ಕಾಡು ಸೋತಿದೆ.

ಮಂಜಿನ ಚಿತ್ರಗಳ ಬಗ್ಗೆ ಚಿಕ್ಕದಾಗಿ. 2015ರಲ್ಲಿ ಲೈಟ್‌ರೂಮಿಗೆ ‘ಡಿಹೇಜ್’ ಎಂಬ ಸ್ಲೈಡರ್ ಬಂದಾಗಿನಿಂದ ಮಂಜನ್ನು ಒರೆಸಿ ತೆಗೆಯುವುದು ಸುಲಭವಾಗಿದೆ, ಆ ಚಟವೂ ಹತ್ತಿದೆ. ಮಂಜಿನಲ್ಲಿ ದೂರದ ಮರ ಮಾಸುತ್ತಾ ಹೋಗುವುದರಿಂದಲೇ ಕಣ್ಣಿಗೆ ಕಾಡಿನ ಆಳ ಸಿಗುತ್ತದೆ. ಒರೆಸಿದರೆ ಹಿಂದಿನ ಮರವೂ ಮುಂದಿನ ಮರವೂ ಒಂದೇ ಗೋಡೆಗೆ ಅಂಟಿಕೊಳ್ಳುತ್ತವೆ. ಇದರ ಜೊತೆಗೆ ಫೈಲಿನ ಪ್ರಶ್ನೆಯೂ ಇದೆ. ಮೊಬೈಲಿನ ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲುಗಳು. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ 14 ಬಿಟ್ಟಿನ ರಾ ಫೈಲಿನಲ್ಲಿ 16,384. ಮಂಜಿನಂಥ ನುಣುಪಾದ ಇಳಿಜಾರಿಗೆ ಬಲವಾದ ಪ್ರೀಸೆಟ್ ಹಾಕಿದಾಗ ಜೆಪೆಗ್ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಆಕಾಶದಲ್ಲೋ ಮಂಜಿನಲ್ಲೋ ಪಟ್ಟೆ ಕಂಡರೆ, ಚಿತ್ರ ತಾಳಲಾರದಷ್ಟು ಭಾರ ಹೊರಿಸಿದ್ದಾರೆಂದು ತಿಳಿಯಿರಿ.

ಭಾವ ಮೊದಲು ಬೆಳಕಿನಲ್ಲಿ ಹುಟ್ಟಬೇಕು ಎಂಬುದಕ್ಕೆ ನಮ್ಮವರದೇ ದೊಡ್ಡ ಸಾಕ್ಷಿಯಿದೆ. ಮೈಸೂರಿನ ವಿ.ಕೆ. ಮೂರ್ತಿ, ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಚಿತ್ರದ ಛಾಯಾಗ್ರಾಹಕರು, ಸ್ಟುಡಿಯೋದೊಳಗೆ ಆ ಪ್ರಸಿದ್ಧ ಬೆಳಕಿನ ಕಂಬವನ್ನು ತಂದದ್ದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ಖಾಲಿ ಸ್ಟುಡಿಯೋದ ಒಂಟಿತನವೆಲ್ಲ ಆ ಕಂಬದ ಎರಡು ಪಕ್ಕದ ಕತ್ತಲಲ್ಲಿದೆ. 2008ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು. ಪ್ರೀಸೆಟ್‌ಗಳ ಅಭ್ಯಾಸ ಶುರುಮಾಡುವವರು ಆ ದೃಶ್ಯವನ್ನು ಸದ್ದು ಅಡಗಿಸಿ ಒಮ್ಮೆ ನೋಡಬೇಕು. ಮಾಕುಟ್ಟದ ತಿರುವುಗಳಲ್ಲೂ ಮಳೆ ನಿಂತ ಮೇಲೆ ಎಲೆಗಳ ಸಂದಿಯಿಂದ ಅಂಥ ಕಂಬಗಳು ಇಳಿಯುತ್ತವೆ. ಹಾಗೆ ಸಿಕ್ಕಿದ ಬೆಳಕಿಗೆ ಪ್ರೀಸೆಟ್ಟಿನ ಕೆಲಸ ಬಹಳ ಕಡಿಮೆ: ಕಪ್ಪನ್ನು ಕಪ್ಪಾಗಿ ಇರಗೊಡುವುದು, ಬೆಳಕಿನ ಅಂಚನ್ನು ಸುಡದಿರುವುದು.

ಹಾಗೆಂದು ಪ್ರೀಸೆಟ್ಟಿಗೆ ಸ್ವಂತ ಗುಣವೇ ಇಲ್ಲವೆಂದಲ್ಲ. ಹತ್ತಾರು ಚಿತ್ರಗಳು ಸೇರಿ ಒಂದು ಕಥೆ ಹೇಳುವಾಗ ಅದರ ಬೆಲೆ ತಿಳಿಯುತ್ತದೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಗದ್ದೆಗೆ ಹೋಗಿ ಕದಿರು ಕೊಯ್ದು ತರುವುದನ್ನು ಟಾರ್ಚು, ಪಂಜು, ಟ್ಯೂಬ್‌ಲೈಟು ಎಲ್ಲದರ ಬೆಳಕಿನಲ್ಲಿ ತೆಗೆದರೆ ಒಂದೊಂದು ಚಿತ್ರ ಒಂದೊಂದು ಬಣ್ಣ. ಅವನ್ನೆಲ್ಲ ಒಂದು ಸ್ವರಕ್ಕೆ ತಂದು ನಿಲ್ಲಿಸುವುದು ನಿಜವಾದ ಕಲೆ. ಸಂಗೀತ ಕಛೇರಿಯಲ್ಲಿ ತಂಬೂರಿ ಮಾಡುವ ಕೆಲಸ ಅದು. ಅದನ್ನು ಯಾರೂ ಕೇಳಲು ಬಂದಿರುವುದಿಲ್ಲ, ಅದು ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಈಗಿನ ಲೈಟ್‌ರೂಮಿನಲ್ಲಿ ಪ್ರೀಸೆಟ್ಟಿನ ಪ್ರಮಾಣವನ್ನು ತಗ್ಗಿಸುವ ಸ್ಲೈಡರ್ ಇದೆ. ಇಷ್ಟವಾದ ಪ್ರೀಸೆಟ್ಟನ್ನು ಹಾಕಿ ಅರ್ಧಕ್ಕೆ ಇಳಿಸಿ, ಕಣ್ಣಿಗೆ ವಿರಾಮ ಕೊಟ್ಟು ಮರಳಿ ನೋಡುವುದು ನಾನು ಎಲ್ಲರಿಗೂ ಹೇಳುವ ಅಭ್ಯಾಸ. ಹೆಚ್ಚಿನ ಸಲ ಅರ್ಧವೇ ಸಾಕಾಗುತ್ತದೆ.

ಆದರೆ ಭಾವ ಕಟ್ಟಲೇಬಾರದ ಚಿತ್ರಗಳೂ ಇವೆ. 2018ರ ಮುಂಗಾರಿನಲ್ಲಿ ಇದೇ ಮಾಕುಟ್ಟ ರಸ್ತೆಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತ್ತು. ಅಂಥ ಹೊತ್ತಿನ ಚಿತ್ರದಲ್ಲಿ ಮಣ್ಣಿನ ಕೆಂಪೇ ಸುದ್ದಿ. ಎಷ್ಟು ಆಳದ ಮಣ್ಣು ಹೊರಬಂದಿದೆ, ಎಲ್ಲಿಂದ ನೀರು ಒಸರುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಅದನ್ನು ನಾಟಕೀಯ ಪ್ರೀಸೆಟ್ಟಿನಡಿ ಕಡುಕಂದಾಗಿಸಿದರೆ ನೋಡುಗ ಬೆಚ್ಚಬಹುದು, ತಿಳಿದುಕೊಳ್ಳುವುದಿಲ್ಲ. ಜಗತ್ತಿನ ಮಟ್ಟದಲ್ಲೂ ಈ ಚರ್ಚೆ ಜೋರಾಗಿ ನಡೆದಿದೆ. 2013ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಪಡೆದ, ಛಾಯಾಗ್ರಾಹಕ ಪೌಲ್ ಹ್ಯಾನ್ಸನ್ ತೆಗೆದ ಗಾಜಾದ ಶವಯಾತ್ರೆಯೊಂದರ ಚಿತ್ರದ ಬೆಳಕು ಸಿನಿಮಾದಂತಿದೆ ಎಂದು ಆಕ್ಷೇಪ ಬಂತು. ತಜ್ಞರು ರಾ ಫೈಲ್ ಪರೀಕ್ಷಿಸಿ, ಚಿತ್ರಗಳನ್ನು ಜೋಡಿಸಿಲ್ಲ, ಬಣ್ಣ ಮತ್ತು ಛಾಯೆಯನ್ನು ಮಾತ್ರ ತಿದ್ದಲಾಗಿದೆ ಎಂದು ತೀರ್ಪಿತ್ತರು. ಪ್ರಶಸ್ತಿ ಉಳಿಯಿತು, ಅಸಮಾಧಾನವೂ ಉಳಿಯಿತು. ನನ್ನ ಮಟ್ಟಿಗೆ ಆ ಅಸಮಾಧಾನ ಸರಿಯಾದದ್ದು.

ಕಪ್ಪುಬಿಳುಪಿನ ಪ್ರೀಸೆಟ್‌ಗಳನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ, ಅಲ್ಲಿ ಕಣ್ಣು ಪಳಗಿರಬೇಕು. ಸಂಡೂರಿನ ಎಂ.ವೈ. ಘೋರ್ಪಡೆ, ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ವನ್ಯಜೀವಿಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿದವರು. ಅವರ ಚಿತ್ರಗಳ ಪುಸ್ತಕ 1983ರಲ್ಲಿ ಬಂತು. ಸಿಕ್ಕಿದರೆ ಬೂದುಬಣ್ಣದ ನಡುವಿನ ಮೆಟ್ಟಿಲುಗಳನ್ನು ಅದರಲ್ಲಿ ನೋಡಿ ಕಲಿಯಿರಿ. ಫಿಲ್ಮ್ ಕಾಲದಲ್ಲಿ ಲೆನ್ಸಿನ ಮುಂದೆ ಬಣ್ಣದ ಗಾಜು ಇಡುತ್ತಿದ್ದರು. ಈಗಿನ ಪ್ರೀಸೆಟ್‌ಗಳು ಅದನ್ನೇ ಲೆಕ್ಕದಲ್ಲಿ ಮಾಡುತ್ತವೆ. ಹಸಿರು ಫಿಲ್ಟರಿನ ಪ್ರೀಸೆಟ್ ಎಲೆಗಳನ್ನು ತಿಳಿಯಾಗಿಸುತ್ತದೆ, ಕೆಂಪಿನದು ಎಲೆಗಳನ್ನು ಕತ್ತಲಿಗೆ ತಳ್ಳಿ ಕೆಂಪಾದದ್ದನ್ನೆಲ್ಲ ಬೆಳಗಿಸುತ್ತದೆ. ಮಳೆಗಾಲದ ಮಾಕುಟ್ಟಕ್ಕೆ ನನ್ನ ಆಯ್ಕೆ ಹಸಿರು ಫಿಲ್ಟರು. ಎಲೆಯೆಲೆಯ ಹೊಳಪೂ ಅದರಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ನಾಗಸಂಪಿಗೆ ಚಿಗುರಿದ ಹೊತ್ತಿನ ಚಿತ್ರಕ್ಕಾದರೆ ಕೆಂಪು ಫಿಲ್ಟರನ್ನು ಹಾಕಿ ನೋಡಿ. ಬಣ್ಣವೇ ಇಲ್ಲದ ಚಿತ್ರದಲ್ಲಿ ಯಾವ ಎಲೆ ಎಳೆಯದು ಎಂದು ಆಗ ಗುರುತಿಸಬಹುದು.