ಅಂಚು ಕೂಡುವ ಜಾಗ

ನಮ್ಮ ಪುಸ್ತಕ ವಿಮರ್ಶೆಗಳಲ್ಲಿ ‘ಕುಸುರಿ’ ಎಂಬ ಮಾತು ಎರಡು ಬಗೆಯಲ್ಲಿ ಬರುತ್ತದೆ. ಮೆಚ್ಚಿದರೆ ‘ಸೂಕ್ಷ್ಮ ಕುಸುರಿ’, ಮೆಚ್ಚದಿದ್ದರೆ ‘ಬರೀ ಕುಸುರಿ’. ಎರಡರ ಹಿಂದಿನ ನಂಬಿಕೆ ಒಂದೇ: ವಸ್ತು ಮೊದಲೇ ಸಿದ್ಧವಾಗಿರುತ್ತದೆ, ಅಲಂಕಾರವನ್ನು ಆಮೇಲೆ ಅಂಟಿಸಲಾಗುತ್ತದೆ, ಕಿತ್ತರೂ ನಷ್ಟವಿಲ್ಲ. ಈ ನಂಬಿಕೆಯನ್ನು ಪರೀಕ್ಷಿಸಲು ಕವಿತೆಗಿಂತ ದುಂಡು ಮೇಜೇ ವಾಸಿ. ಅಲ್ಲಿ ಅಲಂಕಾರವನ್ನು ನಿಜವಾಗಿಯೂ ಅಂಟು ಹಚ್ಚಿಯೇ ಕೂರಿಸುತ್ತಾರೆ.

ಮೇಜಿನ ಅಡ್ಡಳತೆ 120 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಸುತ್ತಳತೆ ಸುಮಾರು 377. ಅದರ ಅಂಚಿಗೆ 5 ಸೆಂ.ಮೀ. ಅಗಲದ ವಿನೀರ್ ಪಟ್ಟಿ ಬರಬೇಕು. ವಿನೀರ್ ಎಂದರೆ ಮರದ ತೆಳು ಹಾಳೆ. ಸೀರೆಯಂಚಿನಂತೆ ಅದನ್ನು ನೆರಿಗೆ ಹಿಡಿದು ತಿರುಗಿಸಲಾಗದು. ಮರದ ಎಳೆ ಸೂರ್ಯನ ಕಿರಣದಂತೆ ಹೊರಕ್ಕೆ ಹರಿಯಬೇಕಾದರೆ ತುಂಡು ಮಾಡಲೇಬೇಕು. 24 ತುಂಡು ಎಂದರೆ ಒಂದೊಂದಕ್ಕೂ 15 ಡಿಗ್ರಿ, ಹೊರಬದಿ 15.7 ಸೆಂ.ಮೀ., ಒಳಬದಿ 14.4. ಒಂದು ತುಂಡು ಅರ್ಧ ಮಿಲಿಮೀಟರ್ ಕಿರಿದಾದರೆ ಕಣ್ಣಿಗೆ ಕಾಣುವುದಿಲ್ಲ. ಎಲ್ಲವೂ ಹಾಗಾದರೆ ಕೊನೆಯ ತುಂಡಿನ ಪಕ್ಕ 12 ಮಿ.ಮೀ. ಬಾಯಿ ತೆರೆದಿರುತ್ತದೆ. ಅದಕ್ಕೇ ಒಂದೇ ಕಡೆಯಿಂದ ಹೊರಟು ಸುತ್ತು ಮುಗಿಸುವುದು ಅಪಾಯ. ಮೊದಲು ನಾಲ್ಕು ಕಾಲುಭಾಗ ಗುರುತು ಹಾಕಿ, ಅಂಟಿಲ್ಲದೆ ಜೋಡಿಸಿ ನೋಡಿ, ತಪ್ಪನ್ನು ಆಯಾ ಕಾಲುಭಾಗದೊಳಗೇ ಹಿಡಿದುಬಿಡಬೇಕು.

ಪಟ್ಟಿಯಲ್ಲಿ ವಿನ್ಯಾಸವೂ ಇದ್ದರೆ ಲೆಕ್ಕ ಇನ್ನೂ ಸ್ವಾರಸ್ಯಕರ. 5 ಸೆಂ.ಮೀ.ಗೊಂದು ಹೂವು ಬಂದರೆ 75 ಹೂವು ಮುಗಿದು 2 ಸೆಂ.ಮೀ. ಉಳಿಯುತ್ತದೆ. ಅಲ್ಲಿ ಅರೆ ಹೂವು ತುರುಕಿದರೆ ಇಡೀ ಮೇಜು ಆ ಜಾಗವನ್ನೇ ತೋರಿಸುತ್ತದೆ. ಆ 2 ಸೆಂ.ಮೀ.ಯನ್ನು 75ಕ್ಕೂ ಹಂಚಿದರೆ ತಲೆಗೆ ಕಾಲು ಮಿ.ಮೀ.ಗಿಂತ ತುಸು ಹೆಚ್ಚು. ಯಾರ ಕಣ್ಣಿಗೂ ಬೀಳದು. ಹಳಗನ್ನಡ ಕವಿಗಳು ಇದನ್ನು ಬಲ್ಲವರು. ಒತ್ತಕ್ಷರದ ಹಿಂದಿನ ಲಘು ಗುರುವಾಗಬೇಕೆಂಬುದು ನಿಯಮ. ಆದರೆ ಒತ್ತನ್ನು ತೇಲಿಸಿ ಉಚ್ಚರಿಸಿದಲ್ಲಿ ಲಘು ಲಘುವಾಗಿಯೇ ಉಳಿಯಬಹುದು. ಕೇಶಿರಾಜನಿಗೂ ಪರಿಚಿತವಾದ ಈ ಶಿಥಿಲದ್ವಿತ್ವವನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುತ್ತೇವೆ. ನನಗೆ ಅದು ನಿಯಮಭಂಗವಾಗಿ ಕಾಣುವುದಿಲ್ಲ. ಸುತ್ತು ಕೂಡಲೆಂದು ಬಿಟ್ಟ ಕಾಲು ಮಿಲಿಮೀಟರ್ ಅದು.

ರಸದ ಆವೇಶದಲ್ಲೇ, ಬೇರೆ ಪ್ರಯತ್ನವಿಲ್ಲದೆ ಕೂಡಿಬಂದ ಅಲಂಕಾರವೇ ಧ್ವನಿಕಾವ್ಯಕ್ಕೆ ಸಲ್ಲುವುದು ಎಂದು ಆನಂದವರ್ಧನ ಹೇಳುತ್ತಾನೆ. ಇಲ್ಲಿ ನನಗೆ ತಕರಾರಿದೆ. ಮೇಜಿನ ಅಂಚು ಪೂರ್ತಿಯಾಗಿ ಬೇರೆ ಪ್ರಯತ್ನವೇ, ಬೇರೆ ದಿನದ ಕೆಲಸವೇ. ಆದರೂ ಅದನ್ನು ಕಿತ್ತರೆ ಉಳಿಯುವುದು ಸರಳ ಮೇಜಲ್ಲ, ಹಲಗೆಯ ಬೋಳು ಅಂಚು. ಪ್ರಯತ್ನ ಬೇರೆಯೋ ಒಂದೋ ಎನ್ನುವುದು ಮಾಡುವವನ ಸಂಗತಿ. ಕೃತಿಗೆ ಬೇಕಾದದ್ದು ಕೂಡಿತೇ ಎಂಬುದು. ‘ಅಲಂ’ ಎಂದರೆ ‘ಸಾಕು’ ಎಂಬ ಅರ್ಥವೂ ಇದೆಯಲ್ಲ, ಅಲಂಕಾರವನ್ನು ‘ಸಾಕಾಗುವಂತೆ ಮಾಡುವುದು’ ಎಂದು ಓದಲು ನನಗೆ ಇಷ್ಟ.

ಮೈಸೂರಿನ ಬೀಟೆಮರದ ಇನ್‌ಲೇ ಕೆಲಸವನ್ನು ಕುರಿತ ಬರಹಗಳೂ ನಡುವಿನ ಆನೆ, ದಸರೆ, ಹಳ್ಳಿಯ ದೃಶ್ಯಗಳಲ್ಲೇ ನಿಲ್ಲುತ್ತವೆ. ದಂತದ ವ್ಯಾಪಾರ ನಿಷೇಧವಾದ ಮೇಲೆ ಬೇರೆ ಬಣ್ಣದ ಮರ, ಪ್ಲಾಸ್ಟಿಕ್ ಬಂದದ್ದನ್ನು ಹೇಳುತ್ತವೆ. ಸುತ್ತಿನ ಗೆರೆಯ ಬಗ್ಗೆ ಒಂದು ವಾಕ್ಯವಿಲ್ಲ. ಚಿತ್ರದಲ್ಲಿ ಆನೆಯ ಕಿವಿ ತುಸು ದೊಡ್ಡದಾದರೆ ಅದು ಶೈಲಿ ಎನ್ನಬಹುದು. ಅಂಚಿಗೆ ಆ ರಿಯಾಯಿತಿ ಇಲ್ಲ.

ಇನ್ನೊಂದು ಸಂಗತಿ ಮರದ್ದೇ. ಮರ ಎಳೆಗುಂಟ ಬಹಳ ಕಡಿಮೆ, ಎಳೆಗೆ ಅಡ್ಡವಾಗಿ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಗಟ್ಟಿ ಮರದ ದುಂಡು ಮೇಜು ಒಣಗುತ್ತ ತುಸು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಪ್ಲೈವುಡ್ ಹಲಗೆ ಹಾಗೆ ಮಾಡುವುದಿಲ್ಲ. ಇಂದಿನ ವಿನೀರ್ ಕೆಲಸ ಹೆಚ್ಚಾಗಿ ಅದರ ಮೇಲೆ ನಡೆಯಲು ಇದೂ ಒಂದು ಕಾರಣ. ಗಟ್ಟಿ ಮರದ ಮೇಲೆ ಅಂಚು ಕಟ್ಟಿದ ಹಳೆಯ ಮೇಜು ಎಲ್ಲಾದರೂ ಸಿಕ್ಕರೆ, ಹಲಗೆಯ ಎಳೆ ಯಾವ ಕಡೆ ಹರಿದಿದೆ ನೋಡಿಕೊಳ್ಳಿ. ಆಮೇಲೆ ಎಳೆಗೆ ಅಡ್ಡವಾದ ಎರಡು ತುದಿಗಳಲ್ಲಿ ಅಂಚಿನ ಮೇಲೆ ಉಗುರಾಡಿಸಿ. ಅಲ್ಲಿ ತುಂಡುಗಳು ಕುಗ್ಗಿವೆ, ಕೆಳಗಿನ ಹಲಗೆ ಆ ದಿಕ್ಕಿನಲ್ಲಿ ಕುಗ್ಗಿಲ್ಲ. ಕೂಡು ಬಿಟ್ಟಿದ್ದರೆ ಉಗುರು ಮೊದಲು ಸಿಕ್ಕಿಕೊಳ್ಳುವುದು ಅಲ್ಲೇ.