ನಾಲ್ಕರಿಂದ ಶುರುವಾಗುವ ಸೊನ್ನೆ

ಯಂತ್ರಗಳನ್ನು ದೂರದಿಂದ ಪರದೆಯ ಮೇಲೆ ಗಮನಿಸಿ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆಯನ್ನು ಕಲಿಯಹೊರಟವರು ಮೊದಲು ಮರುಳಾಗುವುದು ಪರದೆಯ ಮೇಲೆ ತಿರುಗುವ ಪಂಪು, ಮಿನುಗುವ ಬಣ್ಣಗಳಿಗೆ. ನನಗೆ ಅದರ ಚೆಲುವು ಕಂಡದ್ದು ಸೆನ್ಸರ್‌ನಿಂದ ಬರುವ ಸಾದಾ ತಂತಿಯಲ್ಲಿ.

ಟ್ಯಾಂಕಿನ ನೀರಿನ ಮಟ್ಟ ಅಳೆಯುವ ಸೆನ್ಸರ್ ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ಕರೆಂಟಿನಲ್ಲಿ ಸುದ್ದಿ ಕಳಿಸುತ್ತದೆ. ಟ್ಯಾಂಕು ಖಾಲಿಯಿದ್ದರೆ 4, ಅರ್ಧ ತುಂಬಿದರೆ 12, ಪೂರ್ತಿ ತುಂಬಿದರೆ 20. ಸೊನ್ನೆಯಿಂದಲೇ ಏಕೆ ಶುರುಮಾಡಲಿಲ್ಲ? ತಂತಿ ತುಂಡಾದರೆ ಕರೆಂಟು ಸೊನ್ನೆಗಿಳಿಯುತ್ತದೆ. ‘ನೀರಿಲ್ಲ’ ಎಂಬುದಕ್ಕೂ ‘ಸುದ್ದಿಯೇ ಇಲ್ಲ’ ಎಂಬುದಕ್ಕೂ ಹೀಗೆ ವ್ಯತ್ಯಾಸ ಉಳಿಯಿತು. ಇಲ್ಲದಿದ್ದರೆ ತಂತಿ ಕಡಿದ ಟ್ಯಾಂಕನ್ನು ಖಾಲಿಯೆಂದು ನಂಬಿ ಪಂಪು ಓಡುತ್ತಲೇ ಇರುತ್ತಿತ್ತು, ನೀರು ಉಕ್ಕಿ ಹರಿಯುತ್ತಿತ್ತು. ಎಂಥ ಜಾಣತನ!

ಆ ಕರೆಂಟನ್ನು ಪಿಎಲ್‌ಸಿ ಎಂಬ, ಯಂತ್ರ ನಡೆಸುವ ಪುಟ್ಟ ಕಂಪ್ಯೂಟರು ಅಂಕಿಯಾಗಿಸುತ್ತದೆ. ಸೀಮೆನ್ಸ್‌ನದಾದರೆ 0ಯಿಂದ 27,648ರವರೆಗೆ. ಅದನ್ನು ಮೀಟರಿಗೆ ಪರಿವರ್ತಿಸಿ ಟ್ಯಾಗ್ ಹೆಸರು ಕೊಟ್ಟರೆ ಸ್ಕಾಡಾಕ್ಕೆ ಟ್ಯಾಂಕಿನ ಪರಿಚಯವಾಯಿತು. ಪಿಎಲ್‌ಸಿ ಮತ್ತು ಸ್ಕಾಡಾ ನಡುವಿನ ಮಾತುಕತೆಗೆ ಇಂದಿಗೂ ಬಳಸುವ ಮಾಡ್‌ಬಸ್ ಎಂಬ ಭಾಷೆ 1979ರದು. ನಿವೃತ್ತಿಯ ಮಾತೇ ಇಲ್ಲ!

ಡೆಡ್‌ಬ್ಯಾಂಡ್ ಕೂಡ ನನಗಿಷ್ಟ. 4.5 ಮೀಟರಿನಲ್ಲಿ ಕೂಗಿದ ಅಲಾರಂ, ಮಟ್ಟ 4.4ಕ್ಕೆ ಇಳಿಯುವತನಕ ತೆರವಾಗದಂತೆ ಇಡಬಹುದು. ಇಲ್ಲವಾದರೆ ನೀರು ತುಸು ತುಳುಕಿದರೂ ಅದು ಮತ್ತೆ ಮತ್ತೆ ಅರಚಿ, ಆಪರೇಟರು ಕಿವಿಗೊಡುವುದನ್ನೇ ಬಿಡುತ್ತಾರೆ.

ಪರದೆಯ ವಿಷಯಕ್ಕೆ ಬಂದರೆ, ಒಳ್ಳೆಯದು ಬೂದುಬಣ್ಣದ್ದೇ. ಕೆಂಪು ತೊಂದರೆಗೆ ಮಾತ್ರ ಮೀಸಲು. ಹೊಸಬರೇ, ಚಿತ್ರ ಬಿಡಿಸುವ ಮುನ್ನ ಅಭ್ಯಾಸದ ಮೇಜಿನ ಮೇಲೆ ಸೆನ್ಸರ್‌ನ ಒಂದು ತಂತಿ ಬಿಚ್ಚಿ, ನಿಮ್ಮ ಸ್ಕಾಡಾ ಏನೆನ್ನುತ್ತದೆ ನೋಡಿ.